ಗಿಟಾರಿನ ಸುಳಿ

ನಮ್ಮ ಪುಟ್ಟಸ್ವಾಮಿ ಮಾವನ ಗಿಟಾರು ಅಪರೂಪದ್ದು ಎಂದು ಗೊತ್ತಾಗುವ ತನಕ ಅವನು ಅದನ್ನು ದಿನಾ ನುಡಿಸುತ್ತಿದ್ದ. ಗೊತ್ತಾದ ಮೇಲೆ ಮುಟ್ಟುವುದಕ್ಕೂ ಅಪ್ಪಣೆ ಬೇಕಾಯಿತು. ಈ ಅನಾಹುತದಲ್ಲಿ ನನ್ನದೂ ಒಂದು ಪಾಲಿದೆ. ಮುಚ್ಚಿಡುವುದಿಲ್ಲ, ಸಮಯ ಬಂದಾಗ ಹೇಳುತ್ತೇನೆ.

ಎರಡು ಸಾವಿರದ ಮೂರನೆಯ ಇಸವಿ. ನಾನು ಬಿ.ಎ. ಓದಿಕೊಂಡು ಗೋಕುಲಂನ ಅಜ್ಜಿಮನೆಯಲ್ಲಿದ್ದೆ. ಮನೆಯಲ್ಲಿ ನಾವು ಮೂವರು: ಅಜ್ಜಿ ದೇವಿರಮ್ಮ, ಅಜ್ಜಿಯ ಮಗ ಪುಟ್ಟಸ್ವಾಮಿ ಮಾವ, ನಾನು. ಮಾವ ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ರೀಡರ್. ವಯಸ್ಸು ನಲವತ್ತೇಳು. ಮದುವೆಯ ಮಾತು ಬಂದಾಗಲೆಲ್ಲ ಅವನು ಸೈಕಲ್ ಹತ್ತಿ ಹೊರಟುಬಿಡುತ್ತಿದ್ದನಾದ್ದರಿಂದ ಕೊನೆಗೆ ಆ ಮಾತೇ ಸುಸ್ತಾಗಿ ಬರುವುದನ್ನು ಬಿಟ್ಟಿತ್ತು. ಊರಿನ ಕಾಲುಭಾಗದ ಮನೆಗಳ ನಲ್ಲಿ ಮೀಟರು ಅವನಿಗೆ ಗುರುತು, ಮನೆಯವರ ಮುಖ ಮಾತ್ರ ಗುರುತಿಲ್ಲ. ಬಗ್ಗಿಕೊಂಡೇ ಹೋಗಿ ಬಗ್ಗಿಕೊಂಡೇ ಬರುವ ಮನುಷ್ಯ.

ಅವನು ನೆಟ್ಟಗೆ ಕೂರುತ್ತಿದ್ದದ್ದು ದಿನಕ್ಕೆ ಹತ್ತೇ ನಿಮಿಷ. ಸಂಜೆ ಆರೂವರೆಗೆ ಜಗುಲಿಯಲ್ಲಿ ಸ್ಟೂಲು ಹಾಕಿ, ಆಂಪ್ಲಿಫೈಯರ್ ಡಬ್ಬಕ್ಕೆ ವೈರು ಸಿಕ್ಕಿಸಿ, ಆ ಎಲೆಕ್ಟ್ರಿಕ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡಾಗ. ಇಪ್ಪತ್ತನಾಲ್ಕು ವರ್ಷದ ಹಿಂದೆ ರೈಲ್ವೆ ವರ್ಕ್‌ಶಾಪಿನ ಗೆಳೆಯನೊಬ್ಬ ಸಂಸಾರಸಮೇತ ಆಸ್ಟ್ರೇಲಿಯಾಕ್ಕೆ ಹೊರಟಾಗ ಸಾಮಾನು ಹೆಚ್ಚಾಯಿತೆಂದು ಇವನಿಗೆ ಕೊಟ್ಟು ಹೋದದ್ದು. ಮಾವ ಅದನ್ನು ಹಿಡಿದು ಒಂದು ಆರ್ಕೆಸ್ಟ್ರಾವನ್ನೂ ಸೇರಿದ. ಮೊದಲನೆಯ ಕಾರ್ಯಕ್ರಮದಲ್ಲಿ ಪರದೆ ಎದ್ದಿತು, ಮಾವ ಜನರನ್ನು ನೋಡಿದ, ಬೆರಳು ಮರಗಟ್ಟಿತು, ಹಿಂದಿನ ಮೆಟ್ಟಿಲಲ್ಲಿ ಇಳಿದು ಮನೆಗೆ ಬಂದ. ಅಲ್ಲಿಂದೀಚೆಗೆ ಅವನ ಶ್ರೋತೃಗಳೆಂದರೆ ನಮ್ಮ ಜಗುಲಿಯ ತುಳಸಿಗಿಡ. ಅಜ್ಜಿ ಆ ವಾದ್ಯವನ್ನು ‘ಕರೆಂಟ್ ತಿನ್ನೋ ಸೌದೆ’ ಎಂದು ಕರೆಯುತ್ತಿದ್ದಳು.

ಆ ವರ್ಷ ಮಾವನೊಳಗೆ ಏನು ಕದಲಿತೋ, ಕಚೇರಿಯ ರಾಜ್ಯೋತ್ಸವದ ಪಟ್ಟಿಯಲ್ಲಿ ತನ್ನ ಹೆಸರು ಬರೆಸಿ ಬಂದಿದ್ದ. ಯಾರಿಗೂ ಹೇಳಿರಲಿಲ್ಲ. ಹಾಸಿಗೆ ಕೊಡವುವಾಗ ದಿಂಬಿನ ಕೆಳಗೆ ಪಟ್ಟಿಯ ಜೆರಾಕ್ಸ್ ಸಿಕ್ಕಿ ನನಗೆ ತಿಳಿಯಿತು. ‘ಹನ್ನೊಂದು: ಪುಟ್ಟಸ್ವಾಮಿ, ಮೀ.ರೀ., ವಾದ್ಯ.’ ನವೆಂಬರ್ ಒಂದಕ್ಕೆ ಇನ್ನು ಮೂರು ವಾರವಿತ್ತು. ಮಡಚಿ ಬಿಚ್ಚಿ ಮಡಚಿ ಆ ಕಾಗದ ಆಗಲೇ ಬಟ್ಟೆಯ ಹಾಗಾಗಿತ್ತು. ನಾನು ಅದನ್ನು ಇದ್ದಲ್ಲೇ ಇಟ್ಟೆ.

ನಮ್ಮ ಮಹಡಿಯಲ್ಲಿ ಗ್ರೆಗ್ ಎಂಬ ಆಸ್ಟ್ರೇಲಿಯಾದವನು ಬಾಡಿಗೆಗಿದ್ದ. ಗೋಕುಲಂಗೆ ಬರುವ ಎಲ್ಲರ ಹಾಗೆ ಯೋಗ ಕಲಿಯಲು ಬಂದವನು, ಎರಡನೆಯ ವಾರಕ್ಕೇ ಮಂಡಿ ಊದಿಸಿಕೊಂಡು ಕಿಟಕಿಯ ಹತ್ತಿರ ಕಾಲು ಚಾಚಿ ಕೂತಿದ್ದ. ಕಾಲು ಚಾಚಿ ಕೂತವನಿಗೆ ಕಿವಿ ಚುರುಕಾಗುತ್ತದೆ. ಒಂದು ಸಂಜೆ ಕುಂಟುತ್ತ ಇಳಿದು ಬಂದವನೇ ಮಾವನ ಮುಂದೆ ಕುಕ್ಕರಿಸಿ, ಗಿಟಾರನ್ನು ಹಿಂದೆ ಮುಂದೆ ತಿರುಗಿಸಿ ನೋಡತೊಡಗಿದ. ಮಾವನಿಗೆ ಇಂಗ್ಲಿಷ್ ಬಾರದು, ಅಜ್ಜಿಗೆ ಬೇಡ. ದುಭಾಷಿಯ ಕೆಲಸ ನನಗೆ ಬಂತು.

ಗ್ರೆಗ್ ಹೇಳಿದ್ದು ಇಷ್ಟು. ತಲೆಯ ಮೇಲಿನ ಕಂಪನಿಯ ಹೆಸರು ಅಳಿಸಿದೆ, ಆದರೆ ಮೈಯ ಬಣ್ಣ ಹಳೆಯ ಪಿಂಗಾಣಿಯಂತೆ ಕೂದಲೆಳೆ ಬಿರುಕು ಬಿಟ್ಟಿದೆ. ಅದನ್ನು ಯಾರೂ ಬೇಕೆಂದು ಬಿಡಿಸಲಾರರು. ಹಿಂದಿನ ತಗಡಿನ ಮೇಲೆ ನಾಲ್ಕೇ ಅಂಕಿಯ ನಂಬರಿದೆ. ತಂತಿಯ ದನಿ ಹಿಡಿಯುವ ಅಯಸ್ಕಾಂತದ ಪಟ್ಟಿಗಳು ಈಗ ಬರುವ ಥರದವಲ್ಲ. ಐವತ್ತರ ದಶಕದ ಅಮೆರಿಕದ್ದಿರಬಹುದು. ವಿಚಿತ್ರವೆಂದರೆ ಕತ್ತು. ಇಷ್ಟು ಕಪ್ಪು ಮರದ ಕತ್ತು ಅವನು ಎಲ್ಲೂ ನೋಡಿಲ್ಲ. ಕಂಪನಿಯವರು ಪರೀಕ್ಷೆಗೆಂದು ಮಾಡಿದ್ದಿರಬಹುದೇನೋ, ಹಾಗಿದ್ದರೆ ಇಂಥವು ಲೋಕದಲ್ಲಿ ಕೆಲವೇ ಇರಬೇಕು. ಕತ್ತು ಬಿಚ್ಚಿದರೆ ಅದರ ಬುಡದಲ್ಲಿ ಪೆನ್ಸಿಲಿನಲ್ಲಿ ತಾರೀಖು ಬರೆದಿರುತ್ತಾರೆ, ಅದನ್ನು ನೋಡದೆ ಏನೂ ಹೇಳಲಾಗದು.

“ಏನಂತೆ?” ಎಂದಳು ಅಜ್ಜಿ.

ನನ್ನ ಪಾಲು ಇಲ್ಲಿದೆ. ನಾನು ಅಜ್ಜಿಯ ಕಥೆ ಕೇಳಿಯೇ ಬೆಳೆದವಳು. ಆ ಕಥೆಗಳಲ್ಲಿ ‘ಕೆಲವು’ ಎಂಬ ಲೆಕ್ಕವೇ ಇರಲಿಲ್ಲ. ಕೆಲವು ಸಮುದ್ರದಾಚೆ ಒಂದು ಗಿಣಿ ಇತ್ತು ಎಂದು ಯಾರೂ ಕಥೆ ಹೇಳುವುದಿಲ್ಲ.

“ಲೋಕದಲ್ಲಿ ಇಂಥವು ಏಳೇ ಇರೋದಂತೆ ಅಜ್ಜಿ,” ಎಂದೆ.

ಮಾರನೆಯ ಬೆಳಿಗ್ಗೆ ಹಾಲಿನವನಿಗೆ ಗೊತ್ತಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಉಳಿದ ಆರು ಎಲ್ಲಿವೆ ಎಂಬುದನ್ನೂ ನಮ್ಮ ಬೀದಿ ಪತ್ತೆಮಾಡಿತ್ತು: ಒಂದು ಹಡಗಿನೊಂದಿಗೆ ಮುಳುಗಿತು, ಎರಡು ಯಾವುದೋ ರಾಣಿಯ ಹತ್ತಿರ ಇವೆ, ಮೂರು ಲಂಡನ್ನಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿವೆ. ಸಂಜೆ ಆರೂವರೆಗೆ ಮಾವ ಸ್ಟೂಲು ಹಾಕುವಾಗ ಗೋಡೆಗೆ ಒರಗಿಸಿದ್ದ ಗಿಟಾರು ಅಲ್ಲಿರಲಿಲ್ಲ. ಅಜ್ಜಿ ಅದನ್ನು ತನ್ನ ಧಾರೆಸೀರೆಯಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ, ಕಬ್ಬಿಣದ ಟ್ರಂಕಿನಲ್ಲಿಟ್ಟು ಬೀಗ ಜಡಿದಿದ್ದಳು.

“ಅವ್ವ, ಹತ್ತು ನಿಮಿಷ ಕೊಡು.”

“ಆರು ಎಲ್ಲೆಲ್ಲೋ ಅವೆ. ಏಳ್ನೇದು ನಿನ್ ಕೈಲಿ ಒಡ್ದೋದ್ರೆ ಲೋಕಕ್ಕೆ ಏನ್ಲಾ ಜವಾಬು ಹೇಳನ?”

“ಇಪ್ಪತ್ನಾಲ್ಕು ವರ್ಷದಿಂದ ಒಡ್ದಿಲ್ವಲ್ಲ.”

“ಆವಾಗ ಅದು ಸೌದೆ ಕಣ್ಲಾ. ಸೌದೆ ಒಡೀತದಾ?”

ಮಾವ ಸ್ಟೂಲು ಎತ್ತಿ ಒಳಗಿಟ್ಟ. ಈ ತರ್ಕಕ್ಕೆ ಉತ್ತರ ನನ್ನಲ್ಲಿತ್ತು. ಅಜ್ಜಿಯ ಹಿಂದೆ ಅಡುಗೆಮನೆಗೆ ಹೋಗಿ, “ಅಜ್ಜಿ, ಏಳು ಅಂತ ಗ್ರೆಗ್ ಹೇಳ್ಲಿಲ್ಲ, ನಾನೇ ಸೇರಿಸಿ ಹೇಳಿದ್ದು,” ಎಂದು ತಪ್ಪೊಪ್ಪಿಕೊಂಡೆ. ಅಜ್ಜಿ ತಿರುಗಿಯೂ ನೋಡಲಿಲ್ಲ. “ಸುಮ್ನಿರು ಕೂಸೇ, ಇಂಥವೆಲ್ಲ ನಿಂಗೇನ್ ಗೊತ್ತು,” ಎಂದಳು.

ಅಂದಿನಿಂದ ಮಾವ ಕೈಗೆ ಸಿಕ್ಕಿದ್ದನ್ನೆಲ್ಲ ಅಭ್ಯಾಸ ಮಾಡತೊಡಗಿದ. ಊಟಕ್ಕೆ ಕೂತಾಗ ನೀರಿನ ಚೊಂಬಿನ ಕತ್ತಿನ ಮೇಲೆ ಬೆರಳು ಓಡುತ್ತಿದ್ದವು. ಮೀಟರ್ ಪುಸ್ತಕದ ಬೆನ್ನಿನ ಮೇಲೆ ಆರು ಗೆರೆ ಎಳೆದುಕೊಂಡಿದ್ದ. ಯಾರದೋ ಮನೆಯ ಮೀಟರ್ ಗುಂಡಿಯ ಮುಂದೆ ಕೂತು ಪುಸ್ತಕ ಎದೆಗವಚಿಕೊಂಡು ಬೆರಳಾಡಿಸುತ್ತಿದ್ದನಂತೆ. ಆ ಮನೆಯವರು ಹೆದರಿ, “ಪಾಪ, ನಿಮ್ಮ ಮಗನಿಗೆ ಎದೆನೋವೇನ್ರಮ್ಮ?” ಎಂದು ಅಜ್ಜಿಯನ್ನು ವಿಚಾರಿಸಲು ಬಂದರು.

ಎದುರು ಮನೆಯ ಮೃತ್ಯುಂಜಯ ಅವರೂ ಬಂದರು. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ನಿವೃತ್ತರಾಗಿ ಆರು ವರ್ಷವಾದರೂ ಬೆಳಿಗ್ಗೆ ಹತ್ತೂವರೆಗೆ ವಿಭೂತಿ ಹಚ್ಚಿ, ಇಸ್ತ್ರಿ ಷರಟು ಹಾಕಿ ತಮ್ಮದೇ ಜಗುಲಿಗೆ ಹಾಜರಾಗುತ್ತಿದ್ದವರು.

“ನೋಡಿ ದೇವಿರಮ್ಮನವರೇ, ಸ್ವತ್ತು ದೊಡ್ಡದು, ದಾಖಲೆ ಇಲ್ಲ. ನಾಳೆ ಯಾರಾದ್ರೂ ಬಂದು ಇದು ನಮ್ಮದು ಅಂದ್ರೆ ಏನು ತೋರಿಸ್ತೀರಿ?”

“ಗಿಟಾರೇ ತೋರಿಸ್ತೀವಿ ಸ್ವಾಮಿ,” ಎಂದ ಮಾವ.

ಮೃತ್ಯುಂಜಯ ಅವರು ಮಾವನನ್ನು ದೀರ್ಘವಾಗಿ ನೋಡಿದರು. ಬಳಿಕ ಅಜ್ಜಿಯ ಕಡೆ ತಿರುಗಿ, “ಒಂದು ಮಹಜರು ಆಗಬೇಕು. ಸಾಕ್ಷಿಗಳ ಸಮಕ್ಷಮ ಕತ್ತು ಬಿಚ್ಚಿ, ಒಳಗಿನ ಬರಹ ಓದಿ, ಚಕ್ಕುಬಂದಿ ಬರೆದು ಸಹಿ ಹಾಕಿಸಬೇಕು. ಕರಡು ನಾನು ಮಾಡ್ತೀನಿ,” ಎಂದರು. ಆರು ವರ್ಷದ ಮೇಲೆ ಅವರ ಪೆನ್ನಿಗೆ ಕೆಲಸ ಸಿಕ್ಕಿತ್ತು. ಮುಖದಲ್ಲಿ ಅಂಥ ಕಳೆಯನ್ನು ನಾನು ಹಿಂದೆ ನೋಡಿರಲಿಲ್ಲ.

ಆದರೆ ಅಜ್ಜಿಗೆ ಕಾಗದದಲ್ಲಿ ನಂಬಿಕೆ ಕಡಿಮೆ. ಇಲವಾಲದಿಂದ ತನ್ನ ತಮ್ಮ ಕೆಂಪಯ್ಯನನ್ನು ಕರೆಸಿದಳು. ಕೆಂಪಯ್ಯ ತಾತ ನಲವತ್ತು ವರ್ಷ ದನದ ದಲ್ಲಾಳಿಯಾಗಿದ್ದವನು. ಹಲ್ಲು, ಕೊಂಬು, ಸುಳಿ ನೋಡಿ ದನದ ಹಿಂದುಮುಂದು ಹೇಳುವುದರಲ್ಲಿ ಅವನ ಮಾತಿಗೆ ಹುಣಸೂರು ರಸ್ತೆಯ ಉದ್ದಕ್ಕೂ ಎದುರಿರಲಿಲ್ಲ. ಸುಳಿ ಎಂದರೆ ದನದ ಮೈಮೇಲೆ ಕೂದಲು ಸುತ್ತಿಕೊಳ್ಳುವ ಜಾಗ. ಅದು ಇರುವ ಕಡೆಯ ಮೇಲೆ ದನ ಮನೆಗೆ ಆಗಿಬರುತ್ತದೋ ಇಲ್ಲವೋ ಎಂಬುದು ತೀರ್ಮಾನ. ಮಾವ ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲಿ ಟ್ರಂಕು ತೆರೆಯಿತು. ತಾತ ಗಿಟಾರನ್ನು ಚಾಪೆಯ ಮೇಲೆ ಮಲಗಿಸಿ, ಎರಡು ಸುತ್ತು ಬಂದು, ಹಿಂಭಾಗವನ್ನು ಒಮ್ಮೆ ತಟ್ಟಿದ.

“ವಯಸ್ಸು ಎಷ್ಟಂತೆ?”

“ಐವತ್ತಿರಬಹುದಂತೆ ತಾತ.”

“ಹಲ್ಲು ತೋರ್ಸವ್ವ.”

ಬೇರೆ ದಾರಿ ಕಾಣದೆ ತಲೆಯ ಮೇಲೆ ತಂತಿ ಬಿಗಿಯುವ ಬಿರಡೆಗಳನ್ನು ತೋರಿಸಿದೆ. ತಾತ ಎಣಿಸಿದ. ದನಕ್ಕೆ ಎಂಟು ಹಲ್ಲು ತುಂಬಿದರೆ ಬಾಯಿಗೂಡಿತು ಎಂದು ಲೆಕ್ಕ.

“ಆರಲ್ಲು. ಇನ್ನೂ ಬಾಯ್ಗೂಡಿಲ್ಲ. ಐವತ್ತು ಅಂದೋನ್ಯಾವನು? ಪ್ರಾಯದ್ದು ಇದು.”

ಅಜ್ಜಿಗೆ ಸಂತೋಷವಾಯಿತು. ಆಮೇಲೆ ತಾತ ಗಿಟಾರನ್ನು ಕವುಚಿ ಹಾಕಿ ಕತ್ತಿನ ಹಿಂಭಾಗ ಸವರುತ್ತ ಬಂದು ಒಂದು ಕಡೆ ನಿಂತ. ಅಲ್ಲಿ ಬಣ್ಣವೆಲ್ಲ ಹೋಗಿ ಹೊಳೆಯುವ ಮರ, ಆ ಮರದಲ್ಲಿ ಉಂಗುರದ ಹಾಗೆ ಸುತ್ತಿಕೊಂಡ ಒಂದು ಗೆರೆ. ತಾತ ಕೈ ಹಿಂದೆ ತೆಗೆದ.

“ಅಕ್ಕ, ಕತ್ತಿನ್ ಮ್ಯಾಲೆ ಸುಳಿ ಅದೆ.”

“ಅಂಗಂದ್ರೆ?”

“ಇಂಥದ್ದು ಕಟ್ಟಿದ್ ಮನೇಲಿ ನಿಲ್ಲಕ್ಕಿಲ್ಲ. ಯಜಮಾನನ್ನ ಮನೆ ಬುಡಿಸ್ತದೆ. ಒಳ್ಳೆ ಗಿರಾಕಿ ಇರೋವಾಗ್ಲೇ ದಾಟಿಸ್ಬುಡು.”

ಅಜ್ಜಿಗೆ ಮಗನೊಬ್ಬನೇ. ಲೋಕಕ್ಕೆ ಹೇಳಬೇಕಾಗಿದ್ದ ಜವಾಬು ಆ ಕ್ಷಣವೇ ಮರೆತುಹೋಯಿತು. ಅದೇ ಹೊತ್ತಿಗೆ ಸರಿಯಾಗಿ, ಗಿಟಾರಿನ ಬಗ್ಗೆ ತಾನು ಬರೆದು ಕೇಳಿದ್ದ ಸಿಡ್ನಿಯ ಗೆಳೆಯನಿಂದ ಈಮೇಲ್ ಬಂದಿದೆ ಎಂದು ಹೇಳಲು ಗ್ರೆಗ್ ಕುಂಟುತ್ತ ಇಳಿದು ಬಂದ. ತಾತ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಹೆಗಲ ಮೇಲಿನ ಟವೆಲ್ ತೆಗೆದು ಅವನ ಬಲಗೈ ಮೇಲೆ ಹೊದಿಸಿ, ತನ್ನ ಕೈಯನ್ನೂ ಒಳಗೆ ತೂರಿಸಿದ.

ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ ಕೆಳಗೆ ಬೆರಳು ಅದುಮಿ ಕೇಳುತ್ತಾರೆ, ಬೆರಳು ಅದುಮಿ ಹೇಳುತ್ತಾರೆ. ಇದನ್ನು ಗ್ರೆಗ್‌ಗೆ ವಿವರಿಸುವಷ್ಟು ಪುರುಸೊತ್ತು ನನಗೆ ಸಿಗಲಿಲ್ಲ. ಅವನು ಕಣ್ಣು ಮುಚ್ಚಿ, ಉಸಿರು ನೀಳವಾಗಿ ಎಳೆದುಕೊಂಡು, ಗುರುಗಳು ಕೊಟ್ಟ ಮುದ್ರೆಯನ್ನು ಸ್ವೀಕರಿಸುವವನಂತೆ ತಾತನ ಬೆರಳುಗಳನ್ನು ಒಂದೊಂದಾಗಿ ವಿನಯದಿಂದ ಅದುಮಿದ. ತಾತನ ಹುಬ್ಬು ಮೇಲೇರಿತು. ಇನ್ನೊಮ್ಮೆ ಅದುಮಿ ನೋಡಿದ. ಗ್ರೆಗ್ ಇನ್ನೂ ಗಟ್ಟಿಯಾಗಿ ಅದುಮಿದ.

“ಆಯ್ತು ಕಣಕ್ಕ,” ಎಂದು ತಾತ ಟವೆಲ್ ಹೆಗಲಿಗೆ ಹಾಕಿಕೊಂಡ. “ಗಿರಾಕಿ ಧಾರಾಳದೋನು. ವ್ಯಾಪಾರ ಕುದುರ್ತು.”

“ಎಷ್ಟಕ್ಕೆ?”

“ಅದ್ನ ಬಾಯಲ್ಲಿ ಹೇಳಂಗಿಲ್ಲ.”

ನಾನು ವಿಷಯ ತಿಳಿಸಿದಾಗ ಗ್ರೆಗ್‌ನ ಮಂಡಿನೋವು ಮುಖಕ್ಕೆ ಬಂತು. ತಾನು ಏನನ್ನೂ ಕೊಂಡಿಲ್ಲ, ಕೊಳ್ಳುವ ಉದ್ದೇಶವೂ ಇಲ್ಲ ಎಂದ. ಈ ಸಲ ಒಂದಕ್ಷರ ಸೇರಿಸದೆ ಹಾಗೆಯೇ ಹೇಳಿದೆ. ತಾತ ನಕ್ಕ. “ಗಿರಾಕಿ ಅಂಗೇ ಅನ್ನೋದು ಕೂಸೇ. ಬೇಕಾದೋನು ಯಾವತ್ತಾದ್ರೂ ಬೇಕು ಅಂದವ್ನಾ?”

ಸಂಜೆ ಮಾವ ಬಂದಾಗ ಸುದ್ದಿ ಅವನಿಗಾಗಿ ಜಗುಲಿಯಲ್ಲೇ ಕಾದಿತ್ತು. ಚಪ್ಪಲಿ ಬಿಡದೆ ನಿಂತು ಕೇಳಿದ. ಅವನು ಕೂಗಾಡಬಹುದೆಂದು ನಾನು ಕಾದೆ. ಅವನು ಷರಟಿನ ಜೇಬಿನಿಂದ ಆ ಬಟ್ಟೆಯಂಥ ಕಾಗದ ತೆಗೆದು ತಾತನ ಕೈಗಿಟ್ಟ. ತಾತನಿಗೆ ಓದು ಬಾರದೆಂದು ನೆನಪಾಗಿ ವಾಪಸು ತೆಗೆದುಕೊಂಡು ನನ್ನ ಕೈಗಿಟ್ಟ. ನಾನು ಓದಿದೆ.

“ಒಂದ್ನೇ ತಾರೀಕು ಬಾರಿಸ್ಬೇಕು ಮಾವ. ಅದಾದ್ಮೇಲೆ ಕೊಟ್ರೆ ಆಗಲ್ವಾ?” ಎಂದು ಪುಟ್ಟಸ್ವಾಮಿ ಮಾವ ತನ್ನ ಸೋದರಮಾವನಾದ ತಾತನನ್ನು ಕೇಳಿದ.

“ಎಲ್ಲಿ ಬಾರಿಸ್ತೀಯಾ?” ಎಂದಳು ಅಜ್ಜಿ.

“ಆಫೀಸಲ್ಲಿ. ಸ್ಟೇಜ್ ಮೇಲೆ.”

“ಎಲ್ರ ಎದ್ರುಗಾ?”

ಮಾವ ನೆಲ ನೋಡುತ್ತ ತಲೆಯಾಡಿಸಿದ. ಹಿಂದಿನ ಮೆಟ್ಟಿಲಲ್ಲಿ ಇಳಿದು ಬಂದ ರಾತ್ರಿ ಅವನಿಗೆ ಬಾಗಿಲು ತೆಗೆದವಳು ಅಜ್ಜಿಯೇ. ಅವಳು ತಮ್ಮನ ಮುಖ ನೋಡಿದಳು. ತಾತನೂ ಪೇಚಿಗೆ ಬಿದ್ದಿದ್ದ. ಟವೆಲ್ ಕೆಳಗೆ ಆದ ಮಾತನ್ನು ಅವನು ನಲವತ್ತು ವರ್ಷದಲ್ಲಿ ಒಮ್ಮೆಯೂ ಮುರಿದಿರಲಿಲ್ಲ. “ಮಾತು ಆಗೋಗದೆ ಕಣ್ ಪುಟ್ಟ. ದಾಟಿದ್ ದನನ ಆಮ್ಯಾಕೆ ಒಂದಿನ ಹೂಡ್ಕೊತೀನಿ ಅನ್ನಂಗಿಲ್ಲ. ಒಳ್ಗೇನಾದ್ರೂ ಐಬು ಇದ್ರೆ ಮಾತ್ರ ವ್ಯಾಪಾರ ಮುರೀತದೆ. ಭಾನುವಾರ ಕತ್ತು ಬಿಚ್ಚಿ ನೋಡನ,” ಎಂದ.

ಹೀಗೆ ಎಲ್ಲರ ದಾರಿಯೂ ಆ ಕತ್ತಿನ ಬುಡಕ್ಕೇ ಬಂದು ನಿಂತಿತು. ಪೆನ್ಸಿಲಿನ ತಾರೀಖು ಸರಿಯಾಗಿದ್ದರೆ ಗಿಟಾರು ಮನೆ ಬಿಟ್ಟು ಹೋಗುತ್ತದೆ. ಇಡೀ ಬೀದಿಯಲ್ಲಿ ತಾರೀಖು ತಪ್ಪಿರಲಿ ಎಂದು ಹಾರೈಸುತ್ತಿದ್ದವರು ಮಾವ, ನಾನು, ಹಾಗೂ ಕೊಂಡವನು.

ಭಾನುವಾರ ಬೆಳಿಗ್ಗೆ ಜಗುಲಿ ತುಂಬಿತ್ತು. ಮೃತ್ಯುಂಜಯ ಅವರು ಕನ್ನಡಕ ಏರಿಸಿ ಕರಡು ಓದಿದರು:

“ಮೈಸೂರು ನಗರ ಗೋಕುಲಂ ವಾಸಿ ಪುಟ್ಟಸ್ವಾಮಿ ಬಿನ್ ಲೇಟ್ ಚಿಕ್ಕಣ್ಣ ಇವರ ಸ್ವಾಧೀನಾನುಭವದಲ್ಲಿರುವ ತಂತಿವಾದ್ಯ ಒಂದು. ಸದರಿ ವಾದ್ಯಕ್ಕೆ ಚಕ್ಕುಬಂದಿ: ಉತ್ತರಕ್ಕೆ ತಲೆ ಮತ್ತು ಬಿರಡೆ ಆರು, ದಕ್ಷಿಣಕ್ಕೆ ಮೈ, ಪೂರ್ವಕ್ಕೆ ದಪ್ಪ ತಂತಿ, ಪಶ್ಚಿಮಕ್ಕೆ ಸಣ್ಣ ತಂತಿ. ಮಧ್ಯೆ ಇರುವುದು ಕತ್ತು.”

“ತಿರುಗ್ಸಿ ಇಟ್ರೆ ದಿಕ್ಕು ಬದಲಾಗಲ್ವಾ ಸ್ವಾಮಿ?” ಎಂದು ಹಿಂದಿನಿಂದ ಯಾರೋ ಕೇಳಿದರು.

“ತಿರುಗಿಸಕೂಡದು,” ಎಂದರು ಮೃತ್ಯುಂಜಯ.

ಸ್ಕ್ರೂಡ್ರೈವರನ್ನು ಗ್ರೆಗ್ ಮಾವನ ಕೈಗೆ ಕೊಟ್ಟ. ಮಾವ ತಂತಿ ಸಡಿಲಿಸಿ, ನಾಲ್ಕು ಸ್ಕ್ರೂಗಳನ್ನು ತೆಗೆದು ಅಜ್ಜಿಯ ಅಂಗೈಯಲ್ಲಿಟ್ಟ. ಕತ್ತು ಮೈಯಿಂದ ಬಿಟ್ಟುಬಂತು. ಬುಡದಲ್ಲಿ ಪೆನ್ಸಿಲಿನ ಬರಹವಿತ್ತು. ಗ್ರೆಗ್ ಬಗ್ಗಿ ನೋಡಿ, ಕಣ್ಣು ಕಿರಿದು ಮಾಡಿ, ತಲೆ ಓರೆ ಮಾಡಿ ಕೊನೆಗೆ ನನ್ನತ್ತ ತಿರುಗಿದ. ನಾನು ನೋಡಿದೆ. ಓದುವ ಅಧಿಕಾರ ತಮ್ಮದೆಂದು ಮೃತ್ಯುಂಜಯ ಅವರು ಅದನ್ನು ತೆಗೆದುಕೊಂಡು ಗಟ್ಟಿಯಾಗಿ ಓದಿದರು.

“ಮಂಟೇಸ್ವಾಮಿ, ಮಂಡಿಮೊಹಲ್ಲ. ಹಳೇ ಕತ್ತು ಮುರಿದಿದ್ದರಿಂದ ಬೀಟೆಯಲ್ಲಿ ಹೊಸದು ಮಾಡಿದೆ. ೧೨-೩-೭೨.”

ಬಡಗಿಗಳು ಮಾಡಿದ ಕೆಲಸದ ಮೇಲೆ ಕಾಣದ ಕಡೆ ಹೆಸರು ಬರೆಯುವುದುಂಟು. ನಮ್ಮ ಮನೆಯ ಬಾಗಿಲಿನ ಮೇಲ್ಪಟ್ಟಿಯಲ್ಲೂ ಒಂದಿದೆ. ರೈಲ್ವೆ ವರ್ಕ್‌ಶಾಪಿನ ಗೆಳೆಯನ ಕೈಗೋ ಅದಕ್ಕೂ ಹಿಂದಿನವನ ಕೈಗೋ ಸಿಕ್ಕಿ ಮುರಿದ ಕತ್ತಿಗೆ ಮಂಡಿಮೊಹಲ್ಲದ ಒಬ್ಬ ಬಡಗಿ ವೀಣೆಯ ಮರದಲ್ಲಿ ಕತ್ತು ಕಟ್ಟಿಕೊಟ್ಟಿದ್ದ. ಸಿಡ್ನಿಯವರೆಗೆ ಈಮೇಲ್ ಓಡಾಡಿದ್ದ ಅಪರೂಪದ ಲಕ್ಷಣ ಇದೇ.

ಗ್ರೆಗ್‌ಗೆ ಪದಕ್ಕೆ ಪದ ಹೇಳಿದೆ. ಅವನು ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಮೈ ಹಳೆಯದೇ ಇರಬಹುದು, ಆದರೆ ಕತ್ತು ಬದಲಾದ ಮೇಲೆ ಸಂಗ್ರಹ ಮಾಡುವವರು ಯಾರೂ ತಿರುಗಿ ನೋಡುವುದಿಲ್ಲ ಎಂದ. ಆಮೇಲೆ ಬೀಟೆಯ ಮರವನ್ನು ಬೆಳಕಿಗೆ ಹಿಡಿದು ನೋಡುತ್ತ, ಅಂದರೆ ಇಂಥದ್ದು ಲೋಕದಲ್ಲಿ ಇದೊಂದೇ, ಎಂದ. ಅದನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಏಳು ಎಂದಾಗ ಕಣ್ಣು ಮುಚ್ಚಿ ನಂಬಿದ್ದ ಜನ, ಒಂದು ಎಂದರೆ ನಂಬದೆ, “ಹುಡುಗಿ ಮಾವನ್ನ ಸಮಾಧಾನ ಮಾಡ್ತಾವಳೆ,” ಎಂದುಕೊಂಡು ತಿಂಡಿಗೆ ಎದ್ದರು.

“ಮಹಜರಲ್ಲಿ ಏನಂತ ಬರೀಲಿ ಈಗ?” ಎಂದು ಮೃತ್ಯುಂಜಯ ಅವರು ಪೆನ್ನು ಹಿಡಿದೇ ಕೂತಿದ್ದರು.

“ಐಬು ಅಂತ ಬರ್ಕಳಿ,” ಎಂದ ತಾತ. “ಕತ್ತು ಬದಲಾಗದೆ. ವ್ಯಾಪಾರ ಮುರೀತು.” ಟವೆಲ್ ಜಾಡಿಸಿ ಹೆಗಲಿಗೆ ಹಾಕಿಕೊಂಡ. ಗ್ರೆಗ್ ಉಸಿರು ಬಿಟ್ಟದ್ದು ಬೀದಿಗೆಲ್ಲ ಕೇಳಿಸಿತು.

ಅಜ್ಜಿಗೆ ಮಾತ್ರ ಇನ್ನೂ ಸಮಾಧಾನವಿರಲಿಲ್ಲ. “ಅದ್ಸರಿ, ಸುಳಿ?”

ಮಾವ ಅಷ್ಟರಲ್ಲಿ ಕತ್ತು ಕೂರಿಸಿ, ಅಜ್ಜಿಯ ಅಂಗೈಯಿಂದ ಸ್ಕ್ರೂ ಒಂದೊಂದೇ ಎತ್ತಿಕೊಂಡು ಬಿಗಿಮಾಡುತ್ತಿದ್ದ. ತಂತಿ ಎಳೆದು, ಎರಡು ವಾರ ಹಸಿದಿದ್ದವನ ಹಾಗೆ ಅದನ್ನು ತೊಡೆಯ ಮೇಲೆ ಎಳೆದುಕೊಂಡ. ಎಡಗೈ ತಾನಾಗಿ ಕತ್ತನ್ನು ಸುತ್ತಿತು. ತಾತ ಹಿಂದೆ ಬಂದು ಬಗ್ಗಿ ನೋಡಿದ. ಮಾವನ ಹೆಬ್ಬೆರಳನ್ನು ಎತ್ತಿದ, ಕೆಳಗಿನ ಹೊಳಪು ನೋಡಿದ, ಬೆರಳನ್ನು ಮತ್ತೆ ಅಲ್ಲೇ ಇಟ್ಟ. ಮುಚ್ಚಳ ಕೂತ ಹಾಗೆ ಕೂತಿತು.

“ಸುಳಿ ಅಲ್ಲ ಕಣಕ್ಕ,” ಎಂದ ಮೆಲ್ಲಗೆ. “ಇವನ್ ಹೆಬ್ಬೆಟ್ಟು ತೇಯ್ದಿರೋದು. ಇಪ್ಪತ್ನಾಲ್ಕ್ ವರ್ಷದ್ದು.” ನಲವತ್ತು ವರ್ಷದ ದಲ್ಲಾಳಿಗೆ ಒಂದು ಗುರುತು ತಪ್ಪಿಹೋಗಿತ್ತು. ಅದಕ್ಕೆ ನಾಚಿದಂತೆ ಕಾಣಲಿಲ್ಲ. ಆ ಜಾಗವನ್ನು ಇನ್ನೊಮ್ಮೆ ಸವರಿ ಬಸ್ಸಿಗೆ ಹೊರಟ.

ನವೆಂಬರ್ ಒಂದು, ಶನಿವಾರ. ಬಾವುಟ ಹಾರಿಸಿ, ಭಾಷಣ ಮುಗಿಸಿ, ಕಚೇರಿಯ ಸಭಾಂಗಣದಲ್ಲಿ ಹತ್ತು ಕಾರ್ಯಕ್ರಮಗಳಾದ ಮೇಲೆ ಹನ್ನೊಂದನೆಯ ಹೆಸರು ಕೂಗಿದರು. ಅಜ್ಜಿ, ಗ್ರೆಗ್, ನಾನು ಕೊನೆಯ ಸಾಲಿನಲ್ಲಿದ್ದೆವು. ಮಾವ ವೇದಿಕೆಗೆ ಬಂದ, ಸ್ಟೂಲಿನ ಮೇಲೆ ಕೂತ, ಜನರನ್ನು ನೋಡಿದ. ಅಜ್ಜಿ ನನ್ನ ಮಣಿಕಟ್ಟು ಹಿಡಿದಳು. ಮಾವನ ಬೆರಳು ತಂತಿಯ ಮೇಲೆ ಹಾಗೇ ನಿಂತಿತ್ತು. ಎಷ್ಟು ಹೊತ್ತೋ. ಆಮೇಲೆ ಬಗ್ಗಿದ, ಮೀಟರ್ ಗುಂಡಿಯ ಮುಂದೆ ಬಗ್ಗುವ ಹಾಗೆ, ಕಣ್ಣು ತಂತಿಯಲ್ಲಿಟ್ಟು ಶುರುಮಾಡಿದ.

ಒಂದು ಸಾಲು ಮುಗಿಯುವುದರೊಳಗೆ ಕರೆಂಟು ಹೋಯಿತು.

ಡಬ್ಬದ ದನಿ ನಿಂತಿತು, ಫ್ಯಾನುಗಳೂ ಒಂದೊಂದಾಗಿ ನಿಂತವು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಮಾವನಿಗೆ ತಿಳಿಯಿತೋ ಇಲ್ಲವೋ, ಅವನ ಕೈ ನಿಲ್ಲಲಿಲ್ಲ. ಕರೆಂಟಿಲ್ಲದ ಆ ವಾದ್ಯಕ್ಕೆ ಸೊಳ್ಳೆಯಷ್ಟೇ ದನಿ. ಆದರೆ ಫ್ಯಾನು ನಿಂತ ಸಭಾಂಗಣದಲ್ಲಿ ಅದು ಎಳೆಯಾಗಿ ಕೇಳಿಸತೊಡಗಿತು. ಒಬ್ಬರು ಇನ್ನೊಬ್ಬರಿಗೆ ಸುಮ್ಮನಿರಲು ಸನ್ನೆ ಮಾಡಿದರು. ಇಂಜಿನಿಯರ್ ಸಾಹೇಬರು ತಮ್ಮ ಕುರ್ಚಿಯನ್ನು ಕೈಯಲ್ಲೇ ಎತ್ತಿ ಮುಂದಕ್ಕೆ ಇಟ್ಟುಕೊಂಡರು, ಎಳೆದರೆ ಸದ್ದಾಗುತ್ತದೆಂದು. ಅವರ ಹಿಂದೆ ಎಲ್ಲರೂ ಹಾಗೆಯೇ ಕುರ್ಚಿ ಎತ್ತಿಕೊಂಡು ಮುಂದೆ ಮುಂದೆ ಹೋದರು. ಪರಿಷ್ಕೃತ ನೀರಿನ ದರಕ್ಕೂ ಆ ಕಚೇರಿ ಅಷ್ಟು ಗಮನ ಕೊಟ್ಟಿರಲಾರದು. ಹಾಡು ಮುಗಿಯುವ ಹೊತ್ತಿಗೆ ಸಭೆಯೆಲ್ಲ ವೇದಿಕೆಯ ಅಂಚಿಗೆ ಬಂದು ಕೂತು, ಹಿಂದಿನ ಅರ್ಧ ಸಭಾಂಗಣ ಖಾಲಿಯಾಗಿ, ಅಲ್ಲಿ ನಾವು ಮೂವರೇ ಉಳಿದಿದ್ದೆವು. ಅಜ್ಜಿ, “ಏನೂ ಕೇಳಿಸ್ತಾ ಇಲ್ವಲ್ಲ, ಏಳ್ರಿ,” ಎಂದು ನಮ್ಮಿಬ್ಬರನ್ನೂ ಎಬ್ಬಿಸಿ, ಜನರ ನಡುವೆ ತೂರಿಕೊಂಡು ಮುಂದೆ ಹೋಗಿ ನೆಲದ ಮೇಲೆ ಕೂತಳು.

ಅಷ್ಟರ ಮೇಲೆ ಕರೆಂಟು ಬಂತು. ಡಬ್ಬ ಗೊರ್ ಎಂದಿತು.

“ಬಂತು ಬಂತು. ಇನ್ನೊಂದು ಬಾರ್ಸಿ ಪುಟ್ಟಸ್ವಾಮಿಯವರೇ, ಈಗ ಜೋರಾಗಿ,” ಎಂದರು ಇಂಜಿನಿಯರ್ ಸಾಹೇಬರು.

ಮಾವ ತಲೆಯೆತ್ತಿದ. ಒಂದು ಮೊಳ ದೂರದಲ್ಲಿ ಅಷ್ಟೂ ಮುಖಗಳು. ಅವನು ಒಂದೊಂದನ್ನೂ ನೋಡಿದ, ಅಜ್ಜಿಯದನ್ನೂ ನೋಡಿದ. ಆಮೇಲೆ ಗಿಟಾರಿನ ವೈರನ್ನು ತಾನೇ ಕಿತ್ತು ಪಕ್ಕಕ್ಕಿಟ್ಟ.

“ಫ್ಯಾನ್ ಆರ್ಸಿ ಸಾರ್,” ಎಂದು ಎರಡನೆಯದನ್ನು ಶುರುಮಾಡಿದ.